ಕಿಟ್ಟು ಸಾರ್ ಅಳೆದ ಹದಿನೇಳು ಮಿಲಿಮೀಟರ್

ಕಿಟ್ಟು ಸಾರ್ ಮಡಿಯಲ್ಲಿದ್ದಾಗ ಮದರಾಸಿನ ನಮ್ಮ ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ಅವರನ್ನು ಯಾರೂ ಮುಟ್ಟುವಂತಿಲ್ಲ. ಪ್ರಿನ್ಸಿಪಾಲರೇ ಬಂದರೂ ಬಾಗಿಲಾಚೆ ನಿಂತು ಮಾತಾಡಿ ಹೋಗಬೇಕು. ಮೊಣಕೈವರೆಗೆ ಸೋಪು ಹಾಕಿ ತೊಳೆದು, ಸ್ಪಿರಿಟ್ ಸವರಿ, ಬರ್ನರ್ ಹಚ್ಚಿದರೆಂದರೆ ಮುಗಿಯಿತು. ಮೂಗು ನವೆಯಾದರೂ ತುರಿಸಿಕೊಳ್ಳುವುದಿಲ್ಲ, ಜೇಬಿನಲ್ಲಿ ಫೋನು ಬಡಿದುಕೊಂಡರೂ ತೆಗೆಯುವುದಿಲ್ಲ. 'ಸ್ಟೆರೈಲ್' ಎನ್ನುವ ಮಾತನ್ನು ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಆವಿಯಲ್ಲಿ ಬೇಯಿಸಿ ಶುದ್ಧ ಮಾಡಿದ ಗಾಜಿನ ತಟ್ಟೆ ಮಡಿ, ಅದರ ಮುಚ್ಚಳ ತೆಗೆದು ಯಾರಾದರೂ ಅದರ ಮೇಲೆ ಉಸಿರುಬಿಟ್ಟರೆ ಮೈಲಿಗೆ. ಎರಡೇ ಪದ, ಅಷ್ಟರಲ್ಲಿ ಅವರ ಇಡೀ ವಿಜ್ಞಾನ ಮುಗಿಯಿತು. ತಮಿಳು ಹುಡುಗಿಯರೂ ಮೊದಲ ವರ್ಷ ಮುಗಿಯುವುದರೊಳಗೆ "ಸಾರ್, ಇದು ಮಡಿಯಾ?" ಎಂದು ಕೇಳುವುದನ್ನು ಕಲಿತುಬಿಡುತ್ತಿದ್ದರು.

ರಿಜಿಸ್ಟರಿನಲ್ಲಿ ಅವರ ಹೆಸರು ಕೃಷ್ಣಪ್ರಸಾದ. ಆ ಹೆಸರಿನಿಂದ ಅವರನ್ನು ಕರೆದದ್ದು ಬ್ಯಾಂಕಿನವರು ಮಾತ್ರ. ಅಜ್ಜನ ಕಾಲಕ್ಕೇ ಮದರಾಸಿಗೆ ಬಂದು ನೆಲೆನಿಂತ ಮಾಧ್ವರ ಮನೆ. ತಂದೆ ಮಠದಲ್ಲಿ ಅಡುಗೆ ಮಾಡುತ್ತಿದ್ದರು. ಆ ಅಡುಗೆಮನೆಯಲ್ಲೇ ಓಡಾಡಿ ಬೆಳೆದವರು ಇವರು. ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು, ಮುಟ್ಟಿದ ಮೇಲೆ ಏನು ಮಾಡಬೇಕು ಎಂಬುದು ಮೂಳೆಯಲ್ಲಿ ಇಳಿದಿತ್ತು. ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟು ಇಪ್ಪತ್ತಾರನೇ ವಯಸ್ಸಿಗೆ ಲ್ಯಾಬ್ ಅಸಿಸ್ಟೆಂಟ್ ಆದವರು ಮೂವತ್ತೊಂದು ವರ್ಷ ಅಲ್ಲೇ ಉಳಿದರು. ಈ ಮೂವತ್ತೊಂದು ವರ್ಷದಲ್ಲಿ ಅವರ ಕೈಯಿಂದ ಹೋದ ಒಂದು ತಟ್ಟೆಯೂ ಕೆಟ್ಟಿಲ್ಲ ಎನ್ನುತ್ತಾರೆ. ನಾನು ಬಂದ ಒಂಬತ್ತು ವರ್ಷದ ಮಟ್ಟಿಗೆ ಅದು ನಿಜ ಎಂದು ನಾನೇ ಸಾಕ್ಷಿ ಹೇಳುತ್ತೇನೆ.

ನಾನು ನಂದಿತಾ, ಮಂಡ್ಯದ ಕಡೆಯವಳು. ಅದೇ ವಿಭಾಗದಲ್ಲಿ ಪಾಠ ಹೇಳುತ್ತೇನೆ. ಹೆಸರಿನ ಹಿಂದೆ ಡಾಕ್ಟರ್ ಎಂದಿದೆ, ಅದು ಪಿಎಚ್.ಡಿ.ಯ ಡಾಕ್ಟರ್. ಆ ಎರಡಕ್ಷರದ ವ್ಯತ್ಯಾಸ ಗೊತ್ತಿಲ್ಲದವರು ಲೋಕದಲ್ಲಿ ಬಹಳ ಜನ ಇದ್ದಾರೆ. ಅವರಿಗೆ ಅದನ್ನು ಬಿಡಿಸಿ ಹೇಳುವ ಶ್ರಮವನ್ನು ನಾನೂ ಯಾವತ್ತೂ ತೆಗೆದುಕೊಂಡಿರಲಿಲ್ಲ.

ನಮ್ಮ ಕೆಲಸದ ಬಗ್ಗೆ ನನಗೆ ಸಿಟ್ಟಿದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೆಲಸ ಏನೆಂದರೆ ಗಿಡಮೂಲಿಕೆಯ ರಸಕ್ಕೆ ರೋಗಾಣುವನ್ನು ಕೊಲ್ಲುವ ಶಕ್ತಿ ಇದೆಯೇ ಎಂದು ನೋಡುವುದು. ಗಾಜಿನ ತಟ್ಟೆಯಲ್ಲಿ ಜೆಲ್ಲಿಯಂಥ ಅಗರ್ ಹುಯ್ದು, ಮೇಲೆ ಬ್ಯಾಕ್ಟೀರಿಯಾ ಸವರಬೇಕು. ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಮೆಥನಾಲ್ ಎಂಬ ದ್ರವದಲ್ಲಿ ಮೂರು ದಿನ ನೆನೆಹಾಕಿ ಸಾರ ತೆಗೆಯಬೇಕು. ಆ ಸಾರದಲ್ಲಿ ಅದ್ದಿ ಒಣಗಿಸಿದ ಕಾಗದದ ಬಿಲ್ಲೆಯನ್ನು ತಟ್ಟೆಯ ಮೇಲೆ ಇಡಬೇಕು. ಮಾರನೇ ದಿನ ನೋಡಿದರೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಮಂಜಿನ ಹಾಗೆ ಹಬ್ಬಿರುತ್ತದೆ. ಸಾರಕ್ಕೆ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಒಂದು ವೃತ್ತ ಉಳಿಯುತ್ತದೆ. ಅದಕ್ಕೆ ಕಿಟ್ಟು ಸಾರ್ ಬಯಲು ಎನ್ನುತ್ತಿದ್ದರು. ಆ ಬಯಲಿನ ಅಗಲವನ್ನು ಮಕ್ಕಳ ಪ್ಲಾಸ್ಟಿಕ್ ಸ್ಕೇಲಿನಿಂದ ಅಳೆದು ಮಿಲಿಮೀಟರಿನಲ್ಲಿ ಬರೆಯುವುದು ಅವರ ಕೆಲಸ, ಅದನ್ನು ಪೇಪರ್ ಮಾಡಿ ಅಚ್ಚು ಹಾಕಿಸುವುದು ನನ್ನ ಕೆಲಸ.

ಹೀಗೆ ಅಚ್ಚಾದ ಪೇಪರುಗಳನ್ನು ನಂಬಿದರೆ ಈ ದೇಶದಲ್ಲಿ ರೋಗ ಎನ್ನುವುದೇ ಇರಬಾರದಿತ್ತು. ಬೇಲಿಯ ಮೇಲಿನ ಪ್ರತಿ ಬಳ್ಳಿಯೂ ತಟ್ಟೆಯಲ್ಲಿ ಏನನ್ನಾದರೂ ಕೊಂದಿದೆ. ತಟ್ಟೆಯಿಂದ ಎದ್ದು ಮನುಷ್ಯನ ಮೈಗೆ ಬಂದು ಕೊಂದದ್ದನ್ನು ನಾನು ಕಂಡಿಲ್ಲ. ಇಂಥ ಹನ್ನೊಂದು ಪೇಪರು ನಾನೂ ಬರೆದಿದ್ದೇನೆ, ಬಡ್ತಿಯೂ ಪಡೆದಿದ್ದೇನೆ. ಹನ್ನೊಂದರಲ್ಲಿ ಒಂದರ ಕೊನೆಗೆ ಕಿಟ್ಟು ಸಾರ್‌ಗೆ ಕೃತಜ್ಞತೆ ಸಲ್ಲಿಸಿದ್ದೆ, ಅದರಲ್ಲೂ ಹೆಸರು ತಪ್ಪಾಗಿ ಅಚ್ಚಾಗಿತ್ತು. ಅವರು ಆ ಪುಟವನ್ನು ಜೆರಾಕ್ಸ್ ಮಾಡಿಸಿ ಮನೆಗೆ ತೆಗೆದುಕೊಂಡು ಹೋದರು.

ಹೋದ ವರ್ಷ ಜುಲೈಯಲ್ಲಿ ನಾವು ಹನ್ನೆರಡು ಗಿಡಗಳನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದೆವು. ಸುಲಭದ ಬ್ಯಾಕ್ಟೀರಿಯಾ ಬೇಡ, ಮಾತ್ರೆಗೆ ಬಗ್ಗದ್ದನ್ನೇ ನೋಡೋಣ ಎಂದು ಒಂದು ಆಸ್ಪತ್ರೆಯ ಲ್ಯಾಬಿನಿಂದ ರೋಗಿಗಳ ಗಾಯದಲ್ಲಿ ಸಿಕ್ಕಿದ ರೋಗಾಣುಗಳನ್ನು ತರಿಸಿದೆ. ರೋಗಿಯ ಹೆಸರು ಕೊಡುವಂತಿಲ್ಲ, ಟ್ಯೂಬಿನ ಮೇಲೆ ಬರೀ ಒಂದು ಸಂಖ್ಯೆ ಇರುತ್ತದೆ. ಡಬ್ಬಿ ಬಿಚ್ಚಿ ಟ್ಯೂಬುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಕಿಟ್ಟು ಸಾರ್ ಒಂದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಮೇಡಂ, ಇದು ನಮ್ಮ ಮನೇದು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಚೀಲದಿಂದ ಒಂದು ರಿಪೋರ್ಟ್ ತೆಗೆದು ತೋರಿಸಿದರು. ಅದೇ ಸಂಖ್ಯೆ. ಕೆಳಗೆ ಹದಿನಾಲ್ಕು ಆಂಟಿಬಯಾಟಿಕ್‌ಗಳ ಪಟ್ಟಿ, ಹದಿಮೂರರ ಎದುರು ಆರ್ ಎಂಬ ಒಂದೇ ಅಕ್ಷರ. ಆರ್ ಎಂದರೆ ಈ ಔಷಧಿಗೆ ಈ ರೋಗಾಣು ಬಗ್ಗುವುದಿಲ್ಲ ಎಂದು. ಹದಿನಾಲ್ಕನೆಯದನ್ನು ಕೊಟ್ಟರೆ ರೋಗಿಯ ಮೂತ್ರಪಿಂಡ ನಿಲ್ಲುತ್ತದೆ ಎಂದು ಡಾಕ್ಟರು ಬಾಯಿಮಾತಿನಲ್ಲಿ ಹೇಳಿದ್ದರಂತೆ. ರೋಗಿ ಕಿಟ್ಟು ಸಾರ್ ಹೆಂಡತಿ ಜಯಲಕ್ಷ್ಮೀ. ಹದಿನೆಂಟು ವರ್ಷದ ಸಕ್ಕರೆ ಕಾಯಿಲೆ. ಹಿಂದಿನ ದೀಪಾವಳಿಗೆ ಬಲಗಾಲಿನ ಕಿರುಬೆರಳು ತೆಗೆದಿದ್ದರು, ಆ ಗಾಯ ಎಂಟು ತಿಂಗಳಾದರೂ ಮಾಗಿರಲಿಲ್ಲ. ಈಗ ಪಾದದ ಮುಂಭಾಗವನ್ನು ತೆಗೆಯಬೇಕು, ಬೇಗ ತೆಗೆದರೆ ಹಿಮ್ಮಡಿ ಉಳಿಯುತ್ತದೆ, ವಿಶೇಷ ಚಪ್ಪಲಿ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡಬಹುದು ಎಂದು ಸರ್ಜನ್ ಹೇಳಿದ್ದರು. ಜಯಲಕ್ಷ್ಮೀ ಒಪ್ಪಿರಲಿಲ್ಲ.

ಆ ಟ್ಯೂಬನ್ನು ಅವರು ಸ್ಟ್ಯಾಂಡಿನಲ್ಲಿ ಇಟ್ಟ ರೀತಿಯನ್ನು ನಾನು ಮರೆತಿಲ್ಲ. ಅದರೊಳಗೆ ಅವರ ಹೆಂಡತಿಯ ಪಾದವನ್ನು ತಿನ್ನುತ್ತಿರುವ ಹುಳ ಇತ್ತು, ಇವರು ಅದಕ್ಕೆ ನೋವಾಗದ ಹಾಗೆ ಮೆಲ್ಲಗೆ ಇಟ್ಟರು.

ನಮ್ಮ ಹನ್ನೆರಡು ಗಿಡಗಳು ಆ ರೋಗಾಣುವಿನ ಮುಂದೆ ಒಂದೂ ನಿಲ್ಲಲಿಲ್ಲ. ಹನ್ನೆರಡು ಬಿಲ್ಲೆಗಳ ಸುತ್ತಲೂ ಮಂಜು ದಟ್ಟವಾಗಿ ಹಬ್ಬಿಕೊಂಡಿತ್ತು. ಅವತ್ತು ಕಿಟ್ಟು ಸಾರ್ ಸಂಕೋಚದಿಂದ ಕೇಳಿದರು: "ಮೇಡಂ, ಕೋಪ ಮಾಡ್ಕೋಬೇಡಿ. ನಾನೂ ಒಂದು ಸೊಪ್ಪು ತಂದು ಒಣಗಿಸಿಟ್ಟಿದೀನಿ. ಹದಿಮೂರನೇದು ಅಂತ ಒಂದು ಬಿಲ್ಲೆ ಹಾಕಲಾ?"

ಅದು ಕುಪ್ಪಿ ಗಿಡ. ಇಲ್ಲಿಯವರು ಕುಪ್ಪೈಮೇನಿ ಎನ್ನುತ್ತಾರೆ. ಕಸದ ಗುಡ್ಡೆಯಲ್ಲಿ, ಗೋಡೆಯ ಬಿರುಕಿನಲ್ಲಿ, ಎಲ್ಲೆಂದರಲ್ಲಿ ಏಳುವ ಗಿಡ. ಜಯಲಕ್ಷ್ಮೀಯ ತಾಯಿ ಅದನ್ನು ಅರೆದು ಮಕ್ಕಳ ಹುಣ್ಣಿಗೆ ಹಚ್ಚುತ್ತಿದ್ದರಂತೆ. ಕಿಟ್ಟು ಸಾರ್ ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹಿಂದಿನ ಖಾಲಿ ಜಾಗದಿಂದ ಒಂದು ಚೀಲ ಕಿತ್ತು ತಂದು, ಮನೆಯಲ್ಲೇ ತೊಳೆಸಿ, ಲ್ಯಾಬಿನ ನೆರಳಿನಲ್ಲಿ ಒಣಗಿಸಿ, ಯಾರಿಗೂ ಹೇಳದೆ ಸಾರ ಇಳಿಸಿಟ್ಟಿದ್ದರು. ಹಾಕಿ ಎಂದೆ. ಹಾಕಿಸದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ನಾನು ಒಂಬತ್ತೂವರೆಗೆ ಬರುವಷ್ಟರಲ್ಲಿ ಅವರು ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಬಿಲ್ಲೆಯ ಸುತ್ತ ದುಂಡಗೆ, ಕೈವಾರದಲ್ಲಿ ಎಳೆದಂತೆ, ಬಯಲು. ಹದಿನೇಳು ಮಿಲಿಮೀಟರ್. ಬರೀ ಮೆಥನಾಲಿನಲ್ಲಿ ಅದ್ದಿದ ಬಿಲ್ಲೆಯನ್ನು ಪಕ್ಕದಲ್ಲೇ ಇಟ್ಟಿದ್ದೆವು, ಅದರ ಸುತ್ತ ಏನೂ ಇರಲಿಲ್ಲ. ಅಂದರೆ ಕೊಂದದ್ದು ಮೆಥನಾಲ್ ಅಲ್ಲ, ಸೊಪ್ಪಿನ ಸಾರವೇ. ಮತ್ತೆ ಮೂರು ತಟ್ಟೆ ಹಾಕಿದೆವು. ಹದಿನೇಳು, ಹದಿನೇಳು, ಹದಿನಾರೂವರೆ.

ನಾನು ಖುಷಿಯಾಗಿಬಿಟ್ಟೆ. ಹದಿಮೂರು ಔಷಧಿಗೆ ಸಾಯದ ರೋಗಾಣು ಕಸದ ಗಿಡಕ್ಕೆ ಸಾಯುತ್ತದೆ ಎಂದರೆ ಅದು ಒಳ್ಳೆಯ ಪೇಪರು, ಒಳ್ಳೆಯ ಕಡೆ ಅಚ್ಚಾಗುವ ಪೇಪರು. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಆ ಹೊತ್ತಿನಲ್ಲಿ ನನಗೆ ಮೊದಲು ನೆನಪಾದದ್ದು ಪೇಪರು, ಜಯಲಕ್ಷ್ಮೀ ಅಲ್ಲ. "ಕಿಟ್ಟು ಸಾರ್, ತುಂಬಾ ಒಳ್ಳೆ ರಿಸಲ್ಟು" ಎಂದೆ. ಅವರು ಕೈ ಮುಗಿದರು. ನನಗೋ ತಟ್ಟೆಗೋ ಗೊತ್ತಾಗಲಿಲ್ಲ. ಮೂರು ತಟ್ಟೆ ಹಾಕಿದರೂ ಸಾರದ ಬಾಟಲಿ ಒಂದೇ, ಸೊಪ್ಪಿನ ಚೀಲ ಒಂದೇ, ಅಂದರೆ ಅದು ಒಂದೇ ಪರೀಕ್ಷೆ ಎಂಬುದನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ. ಅವತ್ತು ನನಗೆ ನಾನು ಹೇಳಿಕೊಳ್ಳಲಿಲ್ಲ.

"ಇದನ್ನ ಅರೆದು ಕಾಲಿಗೆ ಹಚ್ಚಲಾ ಮೇಡಂ?" ಎಂದು ಕೇಳಿದರು.

"ಬೇಡ ಬೇಡ, ಇನ್ನೊಂದು ಸಲ ಹೊಸ ಸೊಪ್ಪಿನಿಂದ ಎಲ್ಲ ಕ್ರಮವಾಗಿ ಮಾಡಿ ನೋಡೋಣ. ಅದು ಸರಿಹೋದರೆ ಮುಂದಿನದು ಯೋಚಿಸೋಣ" ಎಂದೆ. ಬಹಳ ಜವಾಬ್ದಾರಿಯ ಮಾತು ಆಡಿದೆ ಎಂದುಕೊಂಡೆ. ಯೋಚಿಸೋಣ ಎನ್ನುವ ಮಾತನ್ನು ಇಟ್ಟುಕೊಂಡು ಆ ಮನುಷ್ಯ ಏನು ಮಾಡುತ್ತಾರೆ ಎಂದು ಮಾತ್ರ ಯೋಚಿಸಲಿಲ್ಲ.

ಅವರು ಆಸ್ಪತ್ರೆಗೆ ಹೋಗಿ, ನಮ್ಮ ಕಾಲೇಜಿನ ಡಾಕ್ಟರ್ ಮೇಡಂ ಬೇರೆ ಔಷಧಿ ಕಂಡುಹಿಡಿದಿದ್ದಾರೆ, ಮೂರು ವಾರ ಕೊಡಿ ಎಂದು ಕೇಳಿದರು. ಮೂರು ವಾರ ಕಾಯುವ ಕಾಲಲ್ಲ ಇದು ಎಂದು ಸರ್ಜನ್ ರೇಗಿದರಂತೆ. ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಆಪರೇಷನ್ ಮುಂದೂಡುತ್ತಿದ್ದೇವೆ ಎಂಬ ಕಾಗದಕ್ಕೆ ಗಂಡಹೆಂಡಿರಿಬ್ಬರೂ ಸಹಿ ಹಾಕಿ ಬಂದರು. ಇವರ ಒಬ್ಬಳೇ ಮಗಳು ಅಕ್ಷಯಾ ಟಿ. ನಗರದ ಒಂದು ಒಡವೆ ಅಂಗಡಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ಅವಳು ಆ ದಿನ ಅಪ್ಪನ ಜೊತೆ ಕೂಗಾಡಿದಳಂತೆ. "ಅದು ವೆರುಂ ಪ್ಲೇಟ್ ಅಪ್ಪಾ, ಅಮ್ಮಾ ಇಲ್ಲೆ!" ಬರೀ ತಟ್ಟೆ ಅಪ್ಪಾ ಅದು, ಅಮ್ಮ ಅಲ್ಲ. ಇದನ್ನು ಕಿಟ್ಟು ಸಾರ್ ನನಗೆ ನಗುತ್ತಾ ಹೇಳಿದರು. ಕೂತಲ್ಲಿಂದ ಎದ್ದು ಅವಳ ಮಾತು ನಿಜ ಎಂದು ನಾನು ಹೇಳಬಹುದಿತ್ತು. ನನಗೂ ಬಯಲಿನ ಮೇಲೆ ಆಸೆ ಹುಟ್ಟಿತ್ತು, ಸುಮ್ಮನಿದ್ದೆ.

ಎರಡನೇ ಸಲದ ಸೊಪ್ಪನ್ನು ಅದೇ ಖಾಲಿ ಜಾಗದಿಂದ ತಂದೆವು. ಈ ಸಲ ಮನೆಗೆ ಒಯ್ಯಲಿಲ್ಲ, ನೇರವಾಗಿ ಲ್ಯಾಬಿಗೆ ತಂದು ನಲ್ಲಿ ನೀರಿನಲ್ಲಿ ಮೂರು ಸಲ, ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ ಕಿಟ್ಟು ಸಾರ್ ಕೈಯಾರೆ ತೊಳೆದರು. ಒಣಗಲು ಹತ್ತು ದಿನ. ಆಗಸ್ಟಿನ ಸೆಕೆಯಲ್ಲಿ ಬೇಗ ಒಣಗಬಹುದು ಎಂದು ಗಳಿಗೆಗೊಮ್ಮೆ ಹೋಗಿ ಎಲೆಯನ್ನು ಬೆರಳಲ್ಲಿ ಮುರಿದು ನೋಡುತ್ತಿದ್ದರು. ಬಿಸಿಲಿಗೆ ಹಾಕಿದರೆ ಸಾರ ಹಾಳಾಗುತ್ತದೆ, ಕಾಯದೆ ಬೇರೆ ದಾರಿ ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ಮನೆಯಲ್ಲಿ ಹೆಂಡತಿಯ ಗಾಯ ತೊಳೆದು, ಪಟ್ಟಿ ಕಟ್ಟಿ, ಅಡುಗೆ ಮಾಡಿಟ್ಟು ಲೋಕಲ್ ಟ್ರೈನು ಹತ್ತಿ ಬರುತ್ತಿದ್ದರು. ಕಪ್ಪು ಬಣ್ಣ ನಾಲ್ಕನೇ ಬೆರಳಿಗೆ ಬಂತು ಎಂದು ಒಂದು ದಿನ ಹೇಳಿದರು. ಇನ್ನೊಂದು ದಿನ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತು ದಿನ ಒಣಗಲು, ಮೂರು ದಿನ ನೆನೆಯಲು, ಎರಡು ದಿನ ಸಾರ ಇಳಿಯಲು, ಒಂದು ದಿನ ತಟ್ಟೆಗೆ. ಹದಿನಾರು ದಿನ ಆಯಿತು.

ಹದಿನೇಳನೇ ದಿನ ತಟ್ಟೆ ತೆಗೆದು ನೋಡಿದರೆ ಬಿಲ್ಲೆಯ ಅಂಚಿನವರೆಗೂ ಮಂಜು. ಬಯಲು ಇಲ್ಲ. ಕಿಟ್ಟು ಸಾರ್ ಆದರೂ ಸ್ಕೇಲು ಇಟ್ಟು ಅಳೆದರು. ಆರು ಮಿಲಿಮೀಟರ್, ಅದು ಬಿಲ್ಲೆಯದೇ ಅಗಲ. ಅವರೇ ಎರಡು ದಿನ ಬಿಡದೆ ಮತ್ತೆ ಮತ್ತೆ ತಟ್ಟೆ ಹಾಕಿದರು. ಎಲ್ಲದರಲ್ಲೂ ಆರು. ಹಳೆಯ ಬಾಟಲಿಯಲ್ಲಿ ಉಳಿದಿದ್ದ ಸಾರವನ್ನು ಹಾಕಿದರೆ ಮತ್ತೆ ಹದಿನೇಳು.

ಅಲ್ಲಿಗೆ ನನ್ನ ತಲೆ ಕೆಟ್ಟುಹೋಯಿತು. ಅದೇ ಗಿಡ, ಅದೇ ಜಾಗ, ಅದೇ ಕೈ. ಮೊದಲ ಚೀಲದ ಗಿಡ ಬೇರೆ ಮೂಲೆಯಲ್ಲಿ ಬೆಳೆದದ್ದೇ? ಅಲ್ಲಿನ ಮಣ್ಣಿನಲ್ಲಿ ಏನಾದರೂ ಇತ್ತೇ? ನಾನೇ ಹೋಗಿ ನೋಡುತ್ತೇನೆ ಎಂದು ಶನಿವಾರ ಮಧ್ಯಾಹ್ನ ಅವರ ಜೊತೆ ಹೊರಟೆ. ಖಾಲಿ ಜಾಗದಲ್ಲಿ ಇಬ್ಬರೂ ಅರ್ಧ ಗಂಟೆ ಬಗ್ಗಿ ಬಗ್ಗಿ ನೋಡಿದೆವು. ವಿಶೇಷ ಏನೂ ಕಾಣಲಿಲ್ಲ. ಮನೆ ಹತ್ತಿರವೇ ಇತ್ತು, ಇಷ್ಟು ದೂರ ಬಂದು ಹಾಗೇ ಹೋಗಬಾರದು ಎಂದು ಕಿಟ್ಟು ಸಾರ್ ಕರೆದುಕೊಂಡು ಹೋದರು.

ಲಿಫ್ಟ್ ಇಲ್ಲದ ಎರಡನೇ ಮಹಡಿ. ಬಾಗಿಲು ತೆರೆದಾಗಲೇ ವಾಸನೆ ಬಂತು. ಅದರ ಮೇಲೆ ಊದಿನಕಡ್ಡಿಯ ವಾಸನೆಯೂ ಇತ್ತು. ಜಯಲಕ್ಷ್ಮೀ ಹಾಲಿನ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಕುಂಕುಮ, ಅರಿಸಿನ, ಎಣ್ಣೆ ಹಚ್ಚಿ ಬಾಚಿದ ತಲೆ. ಕಾಲಿನ ಮೇಲೆ ಬೆಳ್ಳಗಿನ ಪಂಚೆ ಹೊದಿಸಿತ್ತು. ಮುಖ ಜ್ವರದಿಂದ ಕೆಂಪಾಗಿತ್ತು.

"ವಾಂಗೋ ಡಾಕ್ಟ್ರಮ್ಮಾ, ಬನ್ನಿ ಬನ್ನಿ! ನಿಮ್ಮ ಹೆಸರು ಹೇಳದೆ ಇವರು ಒಂದು ತುತ್ತು ತಿನ್ನಲ್ಲ. ಕೂತ್ಕೊಳ್ಳಿ. ಎದ್ದು ಒಂದು ಕಾಪಿ ಕೊಡಕ್ಕೆ ಯೋಗ್ಯತೆ ಇಲ್ಲ ನೋಡಿ ನನಗೆ, ಎಲ್ಲಾ ಇವರೇ. ಪಾವಂ, ಪಾಪದ ಮನುಷ್ಯ."

ಕಿಟ್ಟು ಸಾರ್ ಒಳಗೆ ಹೋದರು. ನಾನು ಏನಾದರೂ ಮಾತಾಡಬೇಕಲ್ಲ ಎಂದು, ಸೊಪ್ಪನ್ನು ನೀವೇ ತೊಳೆದಿರಂತಲ್ಲ ಎಂದೆ. ಅವರ ಮುಖ ಅರಳಿತು.

"ನಾನೇ! ಅದೊಂದು ಮಾಡಿದೆ ನೋಡಿ ನಾನು. ಇವರು ತಂದು ಬಾಲ್ಕನಿಲಿ ಸುಮ್ನೆ ಇಟ್ಟುಬಿಟ್ರು. ಕುಪ್ಪೆ ಮೇಲೆ ಬೆಳೆದದ್ದು ಅಲ್ವಾ, ನಾಯಿ ಬೆಕ್ಕು ಎಲ್ಲಾ ಸುತ್ತೋ ಜಾಗ. ಅದನ್ನ ಹಾಗೇ ಮರುಂದು ಮಾಡಕ್ಕೆ ಆಗತ್ತಾ? ಔಷಧಿ ಅಂದ್ರೆ ಮಡಿ ಅಲ್ವಾ? ಬರೀ ನೀರಲ್ಲಿ ಆ ಮೈಲಿಗೆ ಎಲ್ಲಿ ಹೋಗತ್ತೆ?"

"ಮತ್ತೆ ಯಾವುದರಲ್ಲಿ ತೊಳೆದಿರಿ?"

ಮಂಚದ ಕೆಳಗೆ ಬೆರಳು ತೋರಿಸಿದರು. ಅಲ್ಲಿ ಗಾಯ ತೊಳೆಯಲು ಆಸ್ಪತ್ರೆಯವರು ಕೊಟ್ಟ ಗುಲಾಬಿ ಬಣ್ಣದ ಔಷಧಿಯ ದೊಡ್ಡ ಬಾಟಲಿ ಇತ್ತು. "ಇದೇ. ಆಸ್ಪತ್ರೆಲಿ ಡಾಕ್ಟರೆಲ್ಲಾ ಇದರಲ್ಲೇ ಕೈ ತೊಳೀತಾರೆ, ನಾನೇ ನೋಡಿದೀನಿ. ಇದಕ್ಕಿಂತ ಮಡಿ ಏನಿದೆ? ಇವರು ಕೆಲಸಕ್ಕೆ ಹೋದ ಮೇಲೆ ಪಕ್ಕದ ಮನೆಯವಳ ಕೈಲಿ ಕೂತಲ್ಲೇ ಬಕೆಟ್ ತರಿಸ್ಕೊಂಡು ಅರ್ಧ ಬಾಟಲಿ ಹುಯ್ದು ಒಂದು ಗಂಟೆ ನೆನೆಸಿಟ್ಟೆ. ಅಪ್ಪುರಂ ಒಂದೊಂದೇ ಎಲೆ ಬಿಡಿಸಿ ಬಟ್ಟೆ ಮೇಲೆ ಹರಡಿದೆ. ಎರಡು ಗಂಟೆ ಆಯ್ತು, ಬೆನ್ನು ಬಿದ್ದುಹೋಯ್ತು."

"ಆಮೇಲೆ ನೀರಲ್ಲಿ ಜಾಲಿಸಲಿಲ್ವಾ?"

"ಅಯ್ಯೋ ರಾಮಾ, ಲಾರಿ ನೀರು ಡಾಕ್ಟ್ರಮ್ಮಾ! ಯಾವ ಬಾವೀದೋ ಏನೋ. ಮಡಿ ಮಾಡಿದ್ದನ್ನ ಅದರಲ್ಲಿ ಅದ್ದಿದ್ರೆ ಮತ್ತೆ ಮೈಲಿಗೆ ತಾನೇ?"

ಅಡುಗೆಮನೆಯ ಬಾಗಿಲಲ್ಲಿ ಕಿಟ್ಟು ಸಾರ್ ಎರಡು ಲೋಟ ಹಿಡಿದುಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮೂವತ್ತೊಂದು ವರ್ಷ ತಟ್ಟೆ ಅಳೆದ ಮನುಷ್ಯ, ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲೆಗೆ ಅಂಟಿ ಒಣಗಿದ ಆ ಔಷಧಿ ಮೆಥನಾಲಿನಲ್ಲಿ ಕರಗಿ ಸಾರದೊಳಗೆ ಬಂದಿತ್ತು. ಹದಿನೇಳು ಮಿಲಿಮೀಟರಿನಲ್ಲಿ ಕುಪ್ಪಿ ಗಿಡದ್ದು ಏನೂ ಇರಲಿಲ್ಲ. ಒಂಬತ್ತು ತಿಂಗಳಿಂದ ದಿನಕ್ಕೆರಡು ಸಲ ಅದೇ ಗುಲಾಬಿ ಬಣ್ಣದ ನೀರನ್ನು ಅವರೇ ಆ ಗಾಯಕ್ಕೆ ಹುಯ್ಯುತ್ತಿದ್ದರು. ಮೇಲೆ ಸಿಕ್ಕಿದ ರೋಗಾಣುವನ್ನು ಅದು ಕೊಲ್ಲುತ್ತದೆ, ಮೂಳೆಗೆ ಇಳಿದದ್ದನ್ನು ಅಲ್ಲ.

"ಸರಿಯಾಗಿ ತೊಳೆದೆ ಅಲ್ವಾ?" ಎಂದು ಜಯಲಕ್ಷ್ಮೀ ಗಂಡನನ್ನು ಕೇಳಿದರು.

"ಚೆನ್ನಾಗಿ ತೊಳೆದಿದ್ದೀ ಜಯಾ" ಎಂದರು ಕಿಟ್ಟು ಸಾರ್. ಲೋಟಗಳನ್ನು ಕೆಳಗಿಟ್ಟರು. ಒಂದರಲ್ಲಿ ಅರ್ಧ ಚೆಲ್ಲಿಹೋಗಿತ್ತು.

ಮೆಟ್ಟಿಲಿಳಿಯುವಾಗ ನನ್ನ ಜೊತೆ ಕೆಳಗಿನವರೆಗೆ ಬಂದರು. ಗೇಟಿನ ಹತ್ತಿರ ನಿಂತು, "ಅವಳಿಗೆ ಗೊತ್ತಾಗೋದು ಬೇಡ ಮೇಡಂ" ಎಂದರು. "ಮೂರು ವಾರ ತೊಗೊಂಡಿದ್ದು ನಾನು. ಸೊಪ್ಪು ತೊಳೆದದ್ದು ಅವಳು. ಇದನ್ನ ಹೇಳಿದ್ರೆ ಅವಳು ಆಮೇಲೆ ಏನನ್ನೂ ಕೈಲಿ ಮುಟ್ಟಲ್ಲ." ನಾನು ತಲೆಯಾಡಿಸಿದೆ. ಆಟೋದಲ್ಲಿ ಕೂತು ಅತ್ತೆ. ಅತ್ತದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಅದೇ ಸಂಜೆ ಆಸ್ಪತ್ರೆಗೆ ಸೇರಿಸಿದರು. ಸರ್ಜನ್ ಪಟ್ಟಿ ಬಿಚ್ಚಿ ನೋಡಿ ಬೈಯಲೂ ಇಲ್ಲವಂತೆ. ವಿಷ ಮೀನಖಂಡ ದಾಟಿತ್ತು. ಹಿಮ್ಮಡಿ ಉಳಿಸುವ ಮಾತು ಮುಗಿದುಹೋಗಿತ್ತು. ಸೋಮವಾರ ಮಂಡಿಯ ಮೇಲಕ್ಕೆ ಕತ್ತರಿಸಿದರು.

ನಾನು ನೋಡಲು ಹೋದದ್ದು ಗುರುವಾರ, ಸಂದರ್ಶಕರನ್ನು ಬಿಡುವ ನಾಲ್ಕು ಗಂಟೆಗೆ. ಜಯಲಕ್ಷ್ಮೀ ಕಣ್ಣು ಮುಚ್ಚಿ ಮಲಗಿದ್ದರು. ಹೊದಿಕೆ ಒಂದು ಕಡೆ ಎತ್ತರವಾಗಿ ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ಪಕ್ಕದ ಸ್ಟೂಲಿನಲ್ಲಿ ಕಿಟ್ಟು ಸಾರ್. ಕಿಟಕಿಯ ಹತ್ತಿರ ಅಕ್ಷಯಾ, ಅಂಗಡಿಯ ಯೂನಿಫಾರ್ಮ್ ಸೀರೆಯಲ್ಲೇ ಬಂದಿದ್ದಳು. ನಾನು ಯಾರೆಂದು ಅವಳಿಗೆ ಹೇಳಬೇಕಾಗಲಿಲ್ಲ.

"ನೀಂಗ ತಾನೇ ಆ ಡಾಕ್ಟರ್?" ಎಂದಳು. ನೀವೇ ತಾನೇ ಆ ಡಾಕ್ಟರು. ಆಮೇಲೆ ನನಗೆ ಪೂರ್ತಿ ಅರ್ಥವಾಗಲಿ ಎಂದೋ ಏನೋ, ಕಷ್ಟಪಟ್ಟು ಕನ್ನಡದಲ್ಲೇ ಕೇಳಿದಳು: "ಮೊದಲು ಬಂದಿದ್ದು, ಎರಡನೇ ಸಲ ಯಾಕೆ ಬರಲಿಲ್ಲ? ಅದು ಮಾತ್ರ ಹೇಳಿ. ಮೂರು ವಾರ ನಮ್ಮಮ್ಮ ಏನಕ್ಕೆ ಕಾದ್ರು?"

ನನ್ನ ಹತ್ತಿರ ಉತ್ತರ ಇತ್ತು. ಮಂಚದ ಮೇಲೆ ಮಲಗಿದ್ದವರ ಕಡೆ ನೋಡಿದೆ. ತಪ್ಪು ನನ್ನದು ಎನ್ನಬೇಕು ಎಂದು ನಿಜವಾಗಿಯೂ ಮನಸ್ಸಿನಲ್ಲಿತ್ತು. ಒಂದು ಕ್ಷಣ ತಡಮಾಡಿದೆ, ಹೇಡಿಗೆ ಅಷ್ಟು ಸಾಕು.

"ಮೇಡಂದು ಏನೂ ಇಲ್ಲಮ್ಮಾ" ಎಂದರು ಕಿಟ್ಟು ಸಾರ್. "ನನ್ನ ಕೈ ತಪ್ಪು. ಮೊದಲ ಸಲ ನಾನು ಬಿಲ್ಲೆ ಸರಿಯಾಗಿ ಒಣಗಿಸಲಿಲ್ಲ. ಮೆಥನಾಲ್ ಹಾಗೇ ಉಳಿದುಬಿಟ್ಟಿತ್ತು. ಹುಳ ಸತ್ತದ್ದು ಅದಕ್ಕೆ, ಸೊಪ್ಪಿಗಲ್ಲ. ಎರಡನೇ ಸಲ ಸರಿಯಾಗಿ ಒಣಗಿಸಿದೆ, ಬರಲಿಲ್ಲ."

ಲ್ಯಾಬಿಗೆ ಸೇರಿದ ಮೊದಲ ವಾರದ ಹುಡುಗರು ಮಾಡುವ ತಪ್ಪು ಅದು. ಕಿಟ್ಟು ಸಾರ್ ತಮ್ಮ ಮೂವತ್ತೊಂದು ವರ್ಷವನ್ನು ಆ ವಾರ್ಡಿನ ನಡುವೆ, ಪಕ್ಕದ ಮಂಚದವರೂ ಕೇಳುವ ಹಾಗೆ, ಕೈಯಾರೆ ಮೈಲಿಗೆ ಮಾಡಿಕೊಂಡರು. ಅದು ಸುಳ್ಳೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಅಕ್ಷಯಾ ಅಪ್ಪನನ್ನು ನೋಡುತ್ತಾ ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಇನಿಮೇ ನಾನೇ ಪಾತ್ತುಕ್ಕರೇನ್" ಎಂದಳು, ಇನ್ನು ಮೇಲೆ ಅಮ್ಮನನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು. ಮೇಜಿನ ಮೇಲಿದ್ದ ಔಷಧಿ ಚೀಟಿಗಳನ್ನು, ಮಾತ್ರೆಗಳನ್ನು, ಅಪ್ಪನ ಮಡಿಲಲ್ಲಿದ್ದ ರಿಪೋರ್ಟಿನ ಕವರನ್ನೂ ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡು ನರ್ಸನ್ನು ಕೇಳಲು ಹೊರಗೆ ಹೋದಳು.

ಜಯಲಕ್ಷ್ಮೀ ಮಲಗಿರಲಿಲ್ಲ. ಸೂಜಿ ಚುಚ್ಚಿದ್ದ ಕೈಯನ್ನು ಮೆಲ್ಲಗೆ ಸರಿಸಿ ಗಂಡನ ಮೊಣಕೈ ಮುಟ್ಟಿದರು.

"ಹೋಗ್ಲಿ ಬಿಡಿ" ಎಂದರು. ದನಿ ಬಹಳ ಸಣ್ಣದಾಗಿತ್ತು. "ಬೇಕೂಂತ ಮಾಡಿದ್ರಾ? ಇಷ್ಟು ವರ್ಷದಲ್ಲಿ ಒಂದು ಸಲ ಕೈ ತಪ್ಪಿತು, ಅಷ್ಟೇ ತಾನೇ. ಅವಳು ಸಣ್ಣವಳು, ಅವಳಿಗೆ ಗೊತ್ತಾಗಲ್ಲ. ನನಗೆ ನಿಮ್ಮ ಮೇಲೆ ಒಂಚೂರೂ ಕೋಪ ಇಲ್ಲ."

ಕಿಟ್ಟು ಸಾರ್ ತಲೆ ಎತ್ತಲಿಲ್ಲ.

"ತಪ್ಪಾಯ್ತು ಜಯಾ" ಎಂದರು.